ತುಳಿಯದ ರಂಗೋಲಿ

ಚಟ್ ಪಟ್, ಚಟ್ ಪಟ್. ಹವಾಯಿ ಚಪ್ಪಲಿ. ಆಮೇಲೆ ನಮ್ಮ ಗೇಟಿನ ಕೀಂಯ್. ಮದ್ದೂರಿನ ನಮ್ಮ ಬೀದಿಯಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಹಾಗೆ. ಎದುರು ಮನೆಯ ಗೆಳತಿ ಕಾಫಿಗೆ ಬರುವ ಸದ್ದು. ಅಷ್ಟು ಹೊತ್ತಿಗೆ ನನ್ನ ರಂಗೋಲಿ ಮುಗಿದಿರುತ್ತಿತ್ತು. ಚಪ್ಪಲಿ ಗೇಟಿನಾಚೆ ಬಿಟ್ಟು, ಸೊಂಟಕ್ಕೆ ಕೈ ಕೊಟ್ಟು ನೋಡೋಳು.

"ಇದೇನ್ ಕಾನ್ವೆಂಟಮ್ಮ, ನವಿಲಾ? ಕೋಳಿ ಕಣಮ್ಮ ಇದು!"

ಅಂದವಳೇ ಅದರ ಮೇಲೆ ನಡೆದು ಒಳಗೆ ಬರೋಳು. ಯಾರೂ ತುಳಿಯದ ರಂಗೋಲಿ ಯಾರೂ ಉಣ್ಣದ ಅನ್ನದ ಹಾಗೆ ಅನ್ನೋದು ಅವಳ ಥಿಯರಿ. ನಮ್ಮ ಕೆಂಪು ನೆಲದ ಮೇಲೆ ಅಡುಗೆಮನೆ ತನಕ ಬಿಳಿ ಹೆಜ್ಜೆ.

ರಂಗೋಲಿ ನನಗೆ ಅತ್ತೆ ಕಲಿಸಿದ್ದು. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಮಾಡಿ ಬಂದ ಕೈಗೆ ಆ ಪುಡಿ ಒಗ್ಗಲು ವರ್ಷಗಳೇ ಹಿಡಿದವು. ಆಮೇಲೆ ಅದೇ ನನ್ನ ಮಾರ್ನಿಂಗ್ ಪ್ರೇಯರ್.

ಹೋದ ವರ್ಷ ತಂಗಿಯ ಮೊಮ್ಮಗಳು ನನ್ನ ರಂಗೋಲಿಯದೊಂದು ಫೋಟೋ ತೆಗೆದು, ಫೋನಿನಲ್ಲಿ ನನ್ನ ಹೆಸರಲ್ಲಿ ಪೇಜು ಮಾಡಿದಳು. ಭಾರತೀನಗರದಲ್ಲಿ ಕಾಲೇಜು ಓದುವ ಹುಡುಗಿ. "ಡೈಲಿ ಹಾಕ್ಬೇಕು ಅಜ್ಜಿ, ಗ್ಯಾಪ್ ಕೊಟ್ರೆ ಜನ ಮರ್ತೇಬಿಡ್ತಾರೆ." 'ಸೋ ಬ್ಯೂಟಿಫುಲ್ ಆಂಟಿ' ಅಂತ ಯಾರ್ಯಾರೋ ಬರೆದರು. ಎಪ್ಪತ್ತು ದಾಟಿದವಳಿಗೆ ಆಂಟಿ! ಯಾರಿಗೆ ಬೇಡ?

ಆದರೆ ಫೋಟೋಗೆ ಬಿಸಿಲು ಬರಬೇಕು, ಅಲ್ಲಿಯವರೆಗೆ ಯಾರೂ ತುಳಿಯುವಂತಿಲ್ಲ. ಎರಡು ಬಕೆಟ್ ಬೋರಲು ಹಾಕಿ ಅಡ್ಡ ಹಗ್ಗ ಕಟ್ಟಿದೆ. "ಪ್ಲೀಸ್, ಹಿತ್ತಲಿಂದ ಬಾರೇ" ಅಂದೆ ಗೆಳತಿಗೆ.

"ಇತ್ಲಿಂದ ಬರಾಕೆ ನಾನೇನ್ ಎಮ್ಮೆನಾ?"

ನಗುತ್ತಲೇ ಅಂದಳು. ಒಂದೆರಡು ದಿನ ಬಂದಳು ಕೂಡ. ಆಮೇಲೆ ಚಪ್ಪಲಿಯ ಸದ್ದು ನಿಂತುಹೋಯಿತು.

ನಾನೂ ಬಿಝಿ. ತಪ್ಪಾದರೆ ಲೋಕವೇ ನೋಡುತ್ತದಲ್ಲ ಎಂದು ಹಿಂದಿನ ಸಂಜೆಯೇ ಟೆರೇಸಿನ ಮೇಲೆ ರಿಹರ್ಸಲ್. ರಂಗೋಲಿಗೆ ರಿಹರ್ಸಲ್! ಅತ್ತೆ ಇದ್ದಿದ್ದರೆ ಪೊರಕೆ ಹಿಡಿಯೋರು. ಬೆಳಗ್ಗೆ ಬೆರಳಲ್ಲಿ ಹಳೇ ಖುಷಿ ಇಲ್ಲ.

ಒಂದು ಸಂಜೆ ಗೆಳತಿ ಬೀದಿಯಲ್ಲೇ ನಿಂತು ಹೇಳಿದಳು, "ನಾಳೀಕೆ ಮಳವಳ್ಳಿಗೆ ಓಯ್ತೀನಿ ಕಣಮ್ಮ, ಮಗಳ ಮನೇಗೆ. ಇನ್ಮೇಲೆ ಅಲ್ಲೇ. ಬಾಡಿಗೆ ಮನೆ ಬುಟ್ಟಾಯ್ತು."

"ಹೋಗೋ ಮುಂಚೆ ಕಾಫಿಗೆ ಬಾರೇ."

"ಯಾವ ಬಾಗ್ಲಿಂದ ಬರ್ಲಿ?"



ಅವತ್ತು ಟೆರೇಸಿಗೆ ಹೋಗಲಿಲ್ಲ. ಬೆಳಗ್ಗೆ ಬಕೆಟ್ಟು ಬಚ್ಚಲಿಗೆ, ಹಗ್ಗ ಬಟ್ಟೆ ಒಣಹಾಕಲಿಕ್ಕೆ, ಫೋನು ಅಲಮಾರಿಗೆ. ಹೊಸಿಲಿಂದ ಗೇಟಿನ ತನಕ ಬಳ್ಳಿ ಎಳೆದೆ, ನಡುವೆ ಒಂದು ನವಿಲು. ರಿಹರ್ಸಲ್ ಇಲ್ಲದೆ ಕತ್ತು ದಪ್ಪವಾಯಿತು. ಆಗಲಿ ಬಿಡು ಎಂದು ಕೂತೆ, ಕಿವಿಯೆಲ್ಲ ಬೀದಿಯ ಕಡೆಗೆ.

ಚಟ್ ಪಟ್, ಚಟ್ ಪಟ್. ಕೀಂಯ್.

"ಅಯ್ಯೋ, ಇವತ್ತೂ ಕೋಳೀನೇಯಾ!" ಅಂದಳು. ಹಗ್ಗ ಕಾಣದೆ ತಡೆದು ನಿಂತಳು. ಯಾವತ್ತೂ ಕೇಳದವಳು ಕೇಳಿದಳು, "ತುಳೀಲಾ?"

"ತುಳಿಯೇ, ಕೋಳಿ ತಾನೆ!"

ನವಿಲಿನ ಕತ್ತಿನ ಮೇಲೇ ಕಾಲಿಟ್ಟು ಬಂದಳು ಪುಣ್ಯಾತ್ಗಿತ್ತಿ. ಎರಡು ಲೋಟ ಕಾಫಿ ಕುಡಿದಳು.

ಈಗ ಭಾನುವಾರದ್ದು ಮಾತ್ರ ಫೋನಿಗೆ. ಉಳಿದದ್ದೆಲ್ಲ ಕಾಲಿಗೆ, ಹಾಲಿನವರು, ಪೇಪರಿನವರು, ಬೀದಿ ನಾಯಿ, ಎವ್ರಿಬಡಿ ವೆಲ್ಕಮ್. ಮೊಮ್ಮಗಳು ಮುನಿಸಿಕೊಂಡು ಸರಿಹೋದಳು.

ಗೆಳತಿಯನ್ನು ನಾನು ಕೊನೆಯ ಸಲ ನೋಡಿದ್ದು ಆ ಕಾಫಿ ಕುಡಿದ ದಿನವೇ, ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಬರಿಗಾಲಲ್ಲಿ ಮಳವಳ್ಳಿ ಬಸ್ಸು ಹತ್ತಿದಳು. ಕಿಟಕಿಯಿಂದ ತಲೆ ಹಾಕಿ, "ನವಿಲಿನ ಕತ್ತು ಒಸಿ ಸಣ್ಣಕ್ ಮಾಡಮ್ಮ!" ಎಂದು ಕೂಗಿದಳು. ನಾನು ನೋಡುತ್ತಿದ್ದದ್ದು ಅವಳು ಹತ್ತಿದ ಮೆಟ್ಟಿಲನ್ನು. ಅಲ್ಲಿ ಅವಳ ಹಿಮ್ಮಡಿಯದೊಂದು ಬಿಳಿ ಗುರುತು ಉಳಿದಿತ್ತು; ಬಸ್ಸು ಅದನ್ನೂ ಕರೆದುಕೊಂಡು ಹೋಯಿತು.