ರಾಕ್ಷಸನಿಗೆ ಭಂಡಾರ ಹಚ್ಚಿದ ತಪ್ಪು

ಎರಡು ವಾರದ ಹಿಂದೆ, ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ನಾನು ಅಧಿಕೃತವಾಗಿ ಕೆಟ್ಟವಳಾದೆ. ನನ್ನ ಹಾಳೆಯಲ್ಲಿದ್ದ 'ಗುಡ್' ಅನ್ನು ರಬ್ಬರಿನಿಂದ ಅಳಿಸಿ 'ಈವಿಲ್' ಎಂದು ಬರೆದು ಕೈಗೆ ಕೊಟ್ಟರು. ಅಪರಾಧ? ಶರಣಾದ ರಾಕ್ಷಸನೊಬ್ಬನನ್ನು ನಾನು ಕೊಲ್ಲಲಿಲ್ಲ.

ಗಾಬರಿಯಾಗಬೇಡಿ, ಇದು ಆಟ. ವಿಮಾನ ನಗರದ ನಮ್ಮ ಫ್ಲ್ಯಾಟಿಗೆ ಮಗಳು ಗೌರಿಯ ಗೆಳೆಯರು ಬರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ, ಬಾಯಲ್ಲೇ ಕಾಡು ಸುತ್ತಿ ಯುದ್ಧ ಮಾಡುತ್ತಾರೆ. ಒಬ್ಬರು ಕೈಕೊಟ್ಟರೆಂದು ನನ್ನನ್ನು ಕೂರಿಸಿದರು. (ಅರವತ್ತರ ಹತ್ತಿರದ ಹೆಂಗಸಿಗೆ ಕತ್ತಿ ಕೊಟ್ಟರೆ ಬೇಡ ಎನ್ನುತ್ತಾಳೆಯೇ?) ನಾನು ದೇವರ ಸೇವೆಗೆ ನಿಂತ ಯೋಧೆ. ಮುಟ್ಟಿದರೆ ಸಾಕು, ಗಾಯ ಮಾಯುತ್ತದೆ. ಆದರೆ ನಾನು 'ಗುಡ್' ಆಗಿರುವವರೆಗೆ ಮಾತ್ರ.

ಗೌರಿಯದು ಬೇಹುಗಾರ್ತಿಯ ಪಾತ್ರ. ಎರಡು ವರ್ಷದಿಂದ ಜೋಪಾನ ಮಾಡಿಕೊಂಡು ಬಂದದ್ದು. ಅವತ್ತಿನ ಕಾದಾಟದಲ್ಲಿ ಅದು ಗಾಯಗೊಂಡು ಬಿತ್ತು. ಅತ್ತ ಸೋತ ರಾಕ್ಷಸ ಕೊಡಲಿ ಬಿಸಾಡಿ ಮಂಡಿಯೂರಿದ. ಎಲ್ಲರೂ "ಮುಗಿಸಿಬಿಡಿ ಆಂಟಿ" ಎಂದರು.

"ಅವನ ಹಣಿಗೆ ಭಂಡಾರ ಹಚ್ಚಿ ಬಿಟ್ಟು ಕಳಸ್ತೀನ್ರಿ" ಎಂದೆ.

ಆಟ ನಡೆಸುವ ನಿಖಿಲ್ ಗೌರಿಯ ಆಫೀಸಿನವನು, ಬೆಂಗಳೂರಿನವನು. ರೂಲ್ ಪುಸ್ತಕ ತಿರುವಿ ಹಾಕಿದ. ದೇವರ ಅರಿಶಿನದ ಭಂಡಾರ ಅದರಲ್ಲೆಲ್ಲಿ ಸಿಗಬೇಕು?

"ಆಂಟಿ, ರಾಕ್ಷಸರು ಬೈ ಡಿಫಾಲ್ಟ್ ಈವಿಲ್. ಅವನನ್ನ ಬಿಟ್ಟರೆ ನೀವೂ ಈವಿಲ್."

"ಜೇಜುರಿಗೆ ಹೋಗೀಯೇನಪಾ? ಅಲ್ಲಿ ಖಂಡೋಬ ದೇವರ ಕೈಯಾಗ ಸೋತ ಮಣಿ ಅನ್ನೋ ರಾಕ್ಷಸ ಕಡೀಕ ಶರಣಾದ. ದೇವರು ಅವಗ ತನ್ನ ಗುಡ್ಯಾಗ ಜಾಗಾ ಕೊಟ್ಟಾನ. ನಾವು ವರ್ಷಾ ಹೋಗಿ ದೇವರಿಗೆ ಹಚ್ಚೋ ಅರಿಷಿಣಾನ ಅವಗೂ ಹಚ್ಚತೀವಿ."

"ಅದು ಜೇಜುರಿ ಆಂಟಿ, ಇದು ಗೇಮ್."

ರಬ್ಬರ್ ತೆಗೆದ. ಗಾಯ ಮಾಯಿಸುವ ನನ್ನ ಶಕ್ತಿ ಹೋಯಿತು. ವಾಪಸ್ ಬೇಕಾದರೆ ತಪ್ಪಾಯಿತೆಂದು ಒಪ್ಪಿಕೊಳ್ಳಬೇಕಂತೆ.

"ಅವ್ವಾ, ತಪ್ಪಾತು ಅಂದುಬಿಡು. ನಾ ಇಲ್ಲಿ ಸಾಯಾಕತ್ತೇನಿ" ಎಂದಳು ಗೌರಿ.

ನಾನು ಅನ್ನಲಿಲ್ಲ. ಮಗಳ ಪಾತ್ರ ಸತ್ತುಹೋಯಿತು. ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಆದರೆ ಮಾಡದ ತಪ್ಪಿಗೆ ತಪ್ಪಾಯಿತು ಎನ್ನುತ್ತಲೇ ಬಂದವಳು ನಾನು. ಅತ್ತೆಗೆ, ಆಫೀಸಿನ ಸಾಹೇಬರಿಗೆ, ಸೊಸೈಟಿಯ ಸೆಕ್ರೆಟರಿಗೆ. ಇನ್ನು ಆಟದಲ್ಲೂ ಅನ್ನಬೇಕೇ?

ಈ 'ಬೈ ಡಿಫಾಲ್ಟ್' ಎಂಬುದು ನನಗೆ ಹೊಸದೂ ಅಲ್ಲ. ನಮ್ಮ ಸೊಸೈಟಿಯ ಪಕ್ಕದಲ್ಲೇ ಕಲಬುರಗಿ ಕಡೆಯ ಕೂಲಿಯವರು ಬಿಲ್ಡಿಂಗ್ ಕಟ್ಟುತ್ತಿದ್ದಾರೆ. ಅವರ ಹೆಣ್ಣುಮಕ್ಕಳು ನಮ್ಮಲ್ಲಿ ಪಾತ್ರೆ ತೊಳೆದು ಹೋಗುವಾಗ ಗೇಟಿನಲ್ಲಿ ವಾಚ್‌ಮನ್ ಚೀಲ ತೆಗೆಸಿ ನೋಡುತ್ತಾನೆ. ನನ್ನ ಚೀಲವನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ನಾನು ಯಾವ ಪರೀಕ್ಷೆ ಪಾಸಾಗಿ 'ಗುಡ್' ಆದೆ?

ಮೊನ್ನೆ ಭಾನುವಾರ ಗೌರಿ ಹೊಸ ಪಾತ್ರದ ಹಾಳೆ ತಂದು ಮೇಜಿನ ಮೇಲಿಟ್ಟಳು. ಕೊಡಲಿ ಬಿಸಾಡಿದ ಅದೇ ರಾಕ್ಷಸ, ಹಣೆಯ ತುಂಬ ಭಂಡಾರ. ಗುಡ್-ಈವಿಲ್ ಖಾನೆ ಖಾಲಿ. ನಿಖಿಲ್ ಪೆನ್ಸಿಲ್ ಎತ್ತಿಕೊಂಡು, "ಇದು ಫಿಲ್ ಮಾಡ್ಲೇಬೇಕು ಗೌರಿ" ಎಂದ.

"ಮೊದಲ ಇವನ ಆಟಾ ನೋಡು. ಆಮ್ಯಾಲೆ ಬರಿ" ಎಂದಳು ಗೌರಿ.

ನನ್ನ ಹಾಳೆಯಲ್ಲಿ ಇನ್ನೂ 'ಈವಿಲ್' ಎಂದೇ ಇದೆ. ಇರಲಿ ಬಿಡಿ. ರಬ್ಬರು ಕೈಯಲ್ಲಿದ್ದ ಮಾತ್ರಕ್ಕೆ ದೇವರೂ ನಿಮ್ಮ ಕಡೆಯೇ ಇದ್ದಾನೆಂದು ನಿಮಗೆ ಹೇಳಿದವರು ಯಾರು?