ಗಂಗಮ್ಮ ಒಂದೇ ಉಸಿರಿನಲ್ಲಿ ಬೈದ ದಿನ

ಕೋವಿಡ್ ಕಳೆದ ಮರುವರ್ಷದ ಚಳಿಗಾಲ. ನಾನು ಕೂಡ್ಲಿಗಿಯಲ್ಲಿ ಫಿಜಿಷಿಯನ್. ನಿವೃತ್ತಿ ಹತ್ತಿರವಿತ್ತು, ಗಾಂಭೀರ್ಯಕ್ಕೇನೂ ಕೊರತೆಯಿರಲಿಲ್ಲ.

ಕಾನಹೊಸಹಳ್ಳಿಯಲ್ಲಿ ಮಿರ್ಚಿ ಅಂಗಡಿ ನಡೆಸುವ ಗಂಗಮ್ಮ ನನ್ನ ಹಳೆಯ ರೋಗಿ. ಹೃದಯದಲ್ಲಿ ಲೋಹದ ಕವಾಟ, ಜೊತೆಗೆ ಅಸ್ತಮಾ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ತೆಳುವಾಗಿದೆಯೆಂದು ತಿಳಿಸುವ ಅಳತೆಗೆ ಐಎನ್‌ಆರ್ ಎನ್ನುತ್ತೇವೆ. ಆಕೆಗೆ ಅದು ಎರಡೂವರೆಯಿಂದ ಮೂರೂವರೆಯೊಳಗಿರಬೇಕು; ವರ್ಷಗಳಿಂದ ಶಿಸ್ತಾಗಿ ಅಲ್ಲೇ ಇತ್ತು.

ಒಂದು ಬೆಳಿಗ್ಗೆ ಮೂಗಿಗೆ ಸೆರಗು ಒತ್ತಿಕೊಂಡು ಗಂಡ ವೀರಣ್ಣನೊಂದಿಗೆ ಬಂದಳು. ರಕ್ತ ನಿಲ್ಲುತ್ತಿರಲಿಲ್ಲ. ಮೂಗಿಗೆ ಗಾಜ್ ಬಟ್ಟೆ ತುಂಬಿ ಪರೀಕ್ಷೆ ಮಾಡಿಸಿದರೆ ಐಎನ್‌ಆರ್ ಏಳು. ತಲೆಯೊಳಗೆ ರಕ್ತ ಒಸರಿದರೆ ಜೀವ ಹೋಗುತ್ತದೆ. ಔಷಧಿ ಸುರಿದು ರಕ್ತ ಗಟ್ಟಿ ಮಾಡಿದರೆ ಕವಾಟ ಕಟ್ಟಿಕೊಳ್ಳುತ್ತದೆ. ಕಾರಣ ತಿಳಿಯಲೇಬೇಕಿತ್ತು.

"ಹೊಸಾ ಗುಳಿಗಿ ಏನಾರ ತಗೊಂಡಿಯೇನಮ್ಮಾ?"

"ಇಲ್ರಿ."

ವೀರಣ್ಣ ಬಾಯಿ ಹಾಕಿದ. "ವಯಸ್ಸಾತ್ರಿ, ನೆನಪಿರಂಗಿಲ್ಲ. ಎರಡೆರಡು ಸಲ ನುಂಗ್ಯಾಳ."

ಗಂಗಮ್ಮ ಅವನತ್ತ ತಿರುಗಿದಳು. "ಸಂತಿಗೆ ಹೋಗಿ ಮೆಣಸಿನಕಾಯಿ ಚೀಲ ಅಲ್ಲೇ ಬಿಟ್ಟು ಬಂದಾವ ನೀನು, ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಾವ ನೀನು, ನನ್ನ ನೆನಪು ನೋಡಾಕ ಬಂದಿಯೇನು? ನಿನ್ನ ಚಪ್ಲಿ ಎಲ್ಲೈತಿ ನೋಡ್ಕೊ ಹೋಗು ಮೊದ್ಲು."

ಇಷ್ಟೂ ಒಂದೇ ಉಸಿರಿನಲ್ಲಿ. ವೀರಣ್ಣ ಬಗ್ಗಿ ಚಪ್ಪಲಿ ನೋಡಿಕೊಂಡ. ನಾನು ಸ್ಟೆತಾಸ್ಕೋಪ್ ಎತ್ತಿಕೊಂಡೆ. ಪ್ರತಿ ಚಳಿಗಾಲದಲ್ಲೂ ಎಣ್ಣೆಯ ಹೊಗೆ ಕುಡಿದ ಈಕೆಯ ಬೈಗುಳ ನಾಲ್ಕು ಮಾತಿಗೊಮ್ಮೆ ಏದುಸಿರಿಗೆ ನಿಲ್ಲುತ್ತಿತ್ತು. ಇಂದು ಎದೆಯಲ್ಲಿ ಸಿಳ್ಳೆಯ ಸದ್ದೇ ಇಲ್ಲ. ಇಷ್ಟು ಆರೋಗ್ಯ ನಾನು ಕೊಟ್ಟದ್ದಾಗಿರಲಿಲ್ಲ.

"ದಮ್ಮಿಗೆ ಯಾರ ಕಡಿ ತೋರಿಸಿದಿ?"

ಆಕೆಯ ಧ್ವನಿ ತಗ್ಗಿತು. "ಕೊಟ್ಟೂರಾಗ ಒಬ್ರು ಡಾಕ್ಟ್ರು ಅದಾರ್ರಿ. ಹೇಳಿದ್ರ ನಿಮಗ ಬ್ಯಾಸರ. ನಿಮ್ಮ ಸುದ್ದಿ ತೆಗದ್ರ ಅವರಿಗೆ ಬ್ಯಾಸರ."

ಚೀಟಿ ಇಸಿದುಕೊಂಡು ನೋಡಿದೆ. ಅವರು ಕೊಟ್ಟದ್ದು ಸ್ಟೀರಾಯ್ಡ್ ಮಾತ್ರೆ. ಉಸಿರಿಗೆ ಅದು ಸರಿಯಾದ ಮದ್ದೇ. ಆದರೆ ವಾರ್ಫರಿನ್ ಜೊತೆ ಸೇರಿದರೆ ರಕ್ತ ವಿಪರೀತ ತೆಳುವಾಗಬಹುದು. ಇಬ್ಬರು ವೈದ್ಯರ ಮರ್ಯಾದೆ ಕಾಯಲು ಹೋಗಿ ಆಕೆ ರಕ್ತ ಸುರಿಸುತ್ತಿದ್ದಳು.

ಕೊಟ್ಟೂರಿಗೆ ಫೋನ್ ಮಾಡಿದೆ. "ಬ್ಯಾರೆ ಗುಳಿಗಿ ಒಂದೂ ಇಲ್ಲ ಅಂದಿದ್ಳು ಸರ್," ಎಂದರು ಆ ವೈದ್ಯರು. ಸ್ಟೀರಾಯ್ಡ್ ಕೋರ್ಸ್ ಹಿಂದಿನ ದಿನವಷ್ಟೇ ಮುಗಿದಿತ್ತು. ವಾರ್ಫರಿನ್ ತಡೆದು, ವಾರ್ಡಿನಲ್ಲಿಟ್ಟು, ದಿನವೂ ಐಎನ್‌ಆರ್ ನೋಡಿದೆವು. ಅದು ಮೂರಕ್ಕಿಳಿದ ಮೇಲೆ ವಾರ್ಫರಿನ್ ಮತ್ತೆ ಆರಂಭಿಸಿ, ದಮ್ಮಿಗೆ ಇನ್‌ಹೇಲರ್ ಕೊಟ್ಟು ಮನೆಗೆ ಕಳಿಸಿದೆವು.

ರೋಗಿ ಕೆಟ್ಟರೆ ನಾವು ಕಾರಣ ಹುಡುಕುತ್ತೇವೆ. ಸುಧಾರಿಸಿದರೆ ಕೀರ್ತಿಯನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಳ್ಳುತ್ತೇವೆ. ಅಂದಿನಿಂದ ಸುಧಾರಿಸಿದವರನ್ನೂ ವಿಚಾರಿಸುವುದು ರೂಢಿಯಾಯಿತು: "ಮತ್ಯಾರ ಗುಳಿಗಿ ನುಂಗ್ತೀರಿ? ನನಗೇನೂ ಬ್ಯಾಸರಿಲ್ಲ."

ಮುಂದಿನ ತಪಾಸಣೆಗೆ ಬಂದ ಗಂಗಮ್ಮ, ನಾನು ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಒಂದೂ ಖರ್ಚಾಗದ ನೋವಿನ ಮಾತ್ರೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟಳು.

"ಮೊಣಕಾಲಿಗೆ ಹರಪನಹಳ್ಳಿಯಾಗೂ ಒಬ್ರು ಅದಾರ್ರಿ. ನಿಮ್ಮನ್ನ ಕೇಳಿ ನುಂಗಾನಂತ ಇಟ್ಕೊಂಡೀನಿ."

ನನಗೆ ಕೊಂಚ ಬೇಸರವಾಯಿತು. ಅದನ್ನು ಕೇಸ್‌ಶೀಟಿನಲ್ಲಿ ನಮೂದಿಸಲಿಲ್ಲ. ವಾರ್ಫರಿನ್ ಜೊತೆ ನುಂಗಿದ್ದರೆ ಮತ್ತೆ ರಕ್ತ ಸುರಿಸಬಹುದಾಗಿದ್ದ ಆ ಸ್ಟ್ರಿಪ್ಪನ್ನು ಮಾತ್ರ, ಪದಕ ಸ್ವೀಕರಿಸುವವನಂತೆ, ಎರಡೂ ಕೈಯಲ್ಲಿ ತೆಗೆದುಕೊಂಡೆ.