ಹುಳುಮನೆಯ ಬಾಗಿಲು ಮುಚ್ಚಿದ್ದು ಯಾವಾಗ?

ಎರಡು ವರ್ಷಗಳ ಹಿಂದಿನ ಚಳಿಗಾಲ. ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ನಿಂತಿದ್ದ ಓದನ್ನು, ಜಂಗಮಕೋಟೆಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಲೇ ಅಲ್ಲಿಯವರೆಗೆ ತಂದಿದ್ದೆ. ಯಾರು ಏನೇ ಹೇಳಿದರೂ ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದು ನನ್ನ ಹುಟ್ಟುಗುಣ, ಪಠ್ಯಪುಸ್ತಕಗಳನ್ನೂ ಬಿಟ್ಟವಳಲ್ಲ.

ಆ ವರ್ಷ ಆಸ್ಪತ್ರೆಯೊಂದರಲ್ಲಿ ಕೆಲಸದ ಅನುಭವ ಪಡೆಯಲೇಬೇಕೆಂದು ವಿಶ್ವವಿದ್ಯಾಲಯ ವಿಧಿಸಿತು. ಚಿಂತಾಮಣಿಯಲ್ಲಿ ಆಪ್ತಸಮಾಲೋಚನೆ ನಡೆಸುವ ಆಸ್ಪತ್ರೆಯಲ್ಲಿ ಅವಕಾಶ ದೊರೆಯಿತು. “ಹುಚ್ಚು ಬಿಡಿಸೋಕೆ ಹೊರಟ್ಯಾ? ಮೊದ್ಲು ನಿನ್ ಹಟ ಬಿಡಿಸ್ಕೊಂಡು ಬಾ,” ಎಂದು ನಮ್ಮ ಯಜಮಾನರು ನಕ್ಕರು. ಮೊದಲ ದಿನವೇ ನರ್ಸಮ್ಮ ನನ್ನನ್ನು ರೋಗಿಗಳ ಸಾಲಿನಲ್ಲಿ ಕೂರಿಸಿ, “ಜೊತೆಗೆ ಯಾರೂ ಬಂದಿಲ್ವಾ ಅಜ್ಜಿ?” ಎಂದಳು.

ಮಗಳ ವಯಸ್ಸಿನ ಡಾಕ್ಟರಮ್ಮ ನನಗೆ ಮಾರ್ಗದರ್ಶಕರು. ಬಂದವರಿಗೆಲ್ಲ ನಾನು ಉಪದೇಶ ಮಾಡುವುದನ್ನು ಕೆಲವು ದಿನ ಸಹಿಸಿಕೊಂಡರು. ಬಳಿಕ, “ಅಮ್ಮ, ಬುದ್ಧಿ ಹೇಳೋರು ಅವರವರ ಮನೇಲೇ ಬೇಕಾದಷ್ಟು ಜನ ಇದ್ದಾರೆ. ನೀವು ಕೇಳಿಸ್ಕೊಳ್ಳೋದು ಕಲೀರಿ. ಇಲ್ಲಾಂದ್ರೆ ನಾನು ಪಾಸ್ ಮಾಡಲ್ಲ,” ಎಂದರು. ನನಗೆ ಸಿಟ್ಟು ಬಂತು. ಮಾತು ಸರಿಯಿದ್ದುದರಿಂದ ನುಂಗಿಕೊಂಡೆ.

ಹೀಗಿರುವಾಗ ಅಂಬಾಜಿದುರ್ಗ ಬೆಟ್ಟದ ಕಡೆಯ ಹಳ್ಳಿಯಿಂದ ಹೆಂಗಸೊಬ್ಬಳನ್ನು ಅವಳ ಗಂಡ ಮತ್ತು ನಾದಿನಿ ಕರೆತಂದರು. ಅವಳನ್ನು ರತ್ನಮ್ಮ ಎನ್ನೋಣ. ನಿಜವಾದ ಹೆಸರು ಬೇರೆ. ತಿಂಗಳಿಂದ ಒಂದು ಮಾತೂ ಆಡಿರಲಿಲ್ಲ. ತಪಾಸಣೆಯಲ್ಲಿ ಬೇರೆ ಕಾಯಿಲೆ ಕಂಡಿರಲಿಲ್ಲ.

“ಬೆಟ್ಟದ ಹತ್ರ ಗಾಳಿ ಸೋಕಿದೆ ಮೇಡಂ. ಹುಳುಮನೆಗೂ ಬಿಡ್ತಿಲ್ಲ, ಹುಳಕ್ಕೆ ಆಗಲ್ಲ ನೋಡಿ. ಇಲ್ಲೂ ವಾಸಿ ಆಗ್ಲಿಲ್ಲ ಅಂದ್ರೆ ತವರಲ್ಲಿ ಬಿಟ್ಟು ಬರ್ತೀವಿ,” ಎಂದಳು ನಾದಿನಿ.

ರತ್ನಮ್ಮ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. ನನಗೆ ಆ ಕಥೆ ಒಪ್ಪಿಗೆಯಾಗಲಿಲ್ಲ. ಡಾಕ್ಟರಮ್ಮನ ಅನುಮತಿ ಪಡೆದು ನಾದಿನಿಯನ್ನು ಕೇಳಿದೆ:

“ಹುಳುಮನೆಗೆ ಬಿಡೋದು ಯಾವಾಗ ನಿಲ್ಲಿಸಿದ್ರಮ್ಮ?”

“ಬೆಳೆ ಹೋಯ್ತಲ್ಲ, ಹುಳ ಎಲ್ಲಾ ಸತ್ತಾಗ.”

“ಆಗ ಇವಳು ಮಾತಾಡ್ತಿದ್ಲಾ?”

ನಾದಿನಿ ಅಣ್ಣನ ಮುಖ ನೋಡಿದಳು. “ಏಮೋ ತಲ್ಲಿ…” ಎಂದು, ಗೊತ್ತಿಲ್ಲವೆಂಬಂತೆ, ತೆಲುಗಿನಲ್ಲಿ ತೇಲಿಸಿದಳು. ಗಂಡ ತಲೆ ತಗ್ಗಿಸಿ ಉತ್ತರಿಸಿದ: “ಮಾತಾಡ್ತಿದ್ಲು. ಇವಳ ಕೈಗುಣಾನೇ ಸರಿಯಿಲ್ಲ ಅಂತ ಮನೇಲಿ ಅಂದ್ವಿ. ಆಮೇಲೇ…”

ಅಂದರೆ ಗಾಳಿ ಬೀಸಿದ್ದು ಬೆಟ್ಟದಿಂದಲ್ಲ.

ನಾನು ಕುರ್ಚಿಯನ್ನು ರತ್ನಮ್ಮನ ಪಕ್ಕಕ್ಕೆ ಎಳೆದುಕೊಂಡೆ. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮಲ್ಲಿ ‘ಜ್ವರ’ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುವ ಕಾಲ ದೂರವಿಲ್ಲ. “ಎಷ್ಟನೇ ಜ್ವರ ಎದ್ದಿದ್ವಮ್ಮ?” ಎಂದೆ.

ನನ್ನ ನಾಲಗೆಯ ತುದಿಯಲ್ಲಿ ಸಮಾಧಾನದ ಮಾತುಗಳು ಸಾಲುಗಟ್ಟಿದ್ದವು. ಡಾಕ್ಟರಮ್ಮ ನನ್ನತ್ತಲೇ ನೋಡುತ್ತಿದ್ದರು. ನನ್ನ ಆಯುಷ್ಯದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ: ಬಾಯಿ ಮುಚ್ಚಿ ಕುಳಿತೆ.

“ನಾಲ್ಕನೇದು, ಅಕ್ಕ,” ಎಂದಿತು ಒಣಗಿದ ದನಿ. “ಸುಣ್ಣಕಟ್ಟು ರೋಗ ಬಂತು. ಒಂದೊಂದೂ ಬೆಳ್ಳಗೆ ಸೆಟ್ಕೊಂಡ್ವು. ಚಳಿಗೆ ಬಂದಿದ್ದು ಅಕ್ಕ ಅದು… ನನ್ ಕೈಯಿಂದ ಬಂದಿದ್ದಲ್ಲ.”

ಗಂಡ ಅಲ್ಲೇ ಅತ್ತುಬಿಟ್ಟ. ಮುಂದಿನದನ್ನು ಡಾಕ್ಟರಮ್ಮ ನೋಡಿಕೊಂಡರು: ಔಷಧಿ, ಮನೆಯವರೊಂದಿಗೆ ಮಾತುಕತೆ, ಮತ್ತೆ ಮತ್ತೆ ಭೇಟಿ. ತವರಿನ ಮಾತು ಪುನಃ ಏಳಲಿಲ್ಲ.

ನನ್ನ ತರಬೇತಿಯ ಕೊನೆಯ ದಿನ ರತ್ನಮ್ಮ ಬಂದಿದ್ದಳು. ಅಂದು ಜನ ಹೆಚ್ಚಿದ್ದರು. ಕಾದು ಸಾಕಾಗಿ ಬಾಗಿಲಿಗೇ ಬಂದು ನಿಂತಳು. “ಏನಕ್ಕ, ನೀವೂ ಹುಳ ಸಾಕೋರು, ನಿಮಗೆ ಹೇಳ್ಬೇಕಾ? ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು, ಬೇಗ ಕಳಿಸಿ!” ಎಂದು ಎಲ್ಲರೆದುರು ಗದರಿದಳು.

ಪದವಿ ಬಂದಾಗ ಊರಿನವರು ನನಗೆ ಹಾರ ಹಾಕಿದರು. ಯಜಮಾನರು ಸಿಹಿ ಹಂಚಿದರು. ಆದರೆ ಬೈಸಿಕೊಂಡು ಹೆಮ್ಮೆಪಟ್ಟದ್ದು ನನ್ನ ಬದುಕಿನಲ್ಲಿ ಆ ಒಂದೇ ದಿನ.